ಶೀಲ್ಡ್ ಒಂದು ಕಡೆಯೋ, ಎರಡೂ ಕಡೆಯೋ? ಮೊದಲು ಮೂರನೇ ವೈರ್ ನೋಡಿ

ಓದುಗರ ಪ್ರಶ್ನೆ: ನಾನು ಒಂದು ಸಣ್ಣ ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. 9 ಎನರ್ಜಿ ಮೀಟರ್, 3 ಟೆಂಪರೇಚರ್ ಕಂಟ್ರೋಲರ್‌ಗಳನ್ನು ಆರ್‌ಎಸ್-485 (ಡೇಟಾ ಸಾಗಿಸುವ ಸೀರಿಯಲ್ ಲೈನ್) ಮೂಲಕ ಪಿಎಲ್‌ಸಿಗೆ (ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರ್) ಜೋಡಿಸಿದ್ದೇವೆ. ಮಾಡ್‌ಬಸ್ ಪ್ರೋಟೋಕಾಲ್. ಕೇಬಲ್ ಒಟ್ಟು 180 ಮೀಟರ್ ಇರಬಹುದು. ಶೀಲ್ಡ್ (ವೈರ್‌ಗಳ ಸುತ್ತ ಲೋಹದ ಜಾಲರಿ) ಇರುವ ಎರಡು ಜೋಡಿಯ ಕೇಬಲ್, ಒಂದು ಜೋಡಿ ಮಾತ್ರ ಬಳಸಿದ್ದೇವೆ. 15 ಕಿಲೋವ್ಯಾಟ್‌ನ ಒಂದು ವಿಎಫ್‌ಡಿ (ಮೋಟಾರ್‌ನ ವೇಗ ನಿಯಂತ್ರಿಸುವ ಡ್ರೈವ್) ಓಡಲು ಶುರುವಾದರೆ ಅದರ ಪ್ಯಾನೆಲ್ ದಾಟಿದ ಮೇಲಿನ ನಾಲ್ಕು ಮೀಟರ್‌ಗಳಿಂದ ಸಿಆರ್‌ಸಿ ಎರರ್ (ಡೇಟಾ ಕೆಟ್ಟು ಬಂದಿದೆ ಅನ್ನುವ ಸೂಚನೆ), ಇಲ್ಲವೇ ಟೈಮ್‌ಔಟ್. ಎರಡು ಸಲ ಮೀಟರ್‌ನ ಪೋರ್ಟೇ ಸುಟ್ಟುಹೋಗಿದೆ. ಬಾಡ್ ರೇಟ್ (ಡೇಟಾ ಕಳಿಸುವ ವೇಗ) 19200ರಿಂದ 9600ಕ್ಕೆ ಇಳಿಸಿದ ಮೇಲೆ ಸ್ವಲ್ಪ ಪರವಾಗಿಲ್ಲ. ಎಲೆಕ್ಟ್ರಿಷಿಯನ್ ಶೀಲ್ಡನ್ನು ಎರಡೂ ಕಡೆ ಅರ್ಥ್ ಮಾಡಿ ಅಂತಾರೆ. ಮೀಟರ್ ಕೊಟ್ಟವರು ಒಂದೇ ಕಡೆ ಅಂತಾರೆ. ಮತ್ತೊಬ್ಬರು ಕಮ್ಯುನಿಕೇಶನ್‌ಗೆ ಅಂತಲೇ ಬೇರೆ ಅರ್ಥ್ ಪಿಟ್ ಮಾಡಿಸಿ ಅಂದರು. ಇನ್ನೊಂದು ವಿಚಿತ್ರ: ಯುಎಸ್‌ಬಿ ಕನ್ವರ್ಟರ್ ಹಾಕಿ ಲ್ಯಾಪ್‌ಟಾಪ್‌ನಿಂದ ಓದಿದರೆ, ಬ್ಯಾಟರಿಯಲ್ಲಿ ಓಡುವಾಗ ಎಲ್ಲಾ ಸರಿ. ಚಾರ್ಜರ್ ಹಾಕಿದ ಕೂಡಲೇ ಎರರ್. ಯಾರ ಮಾತು ಕೇಳಲಿ? ಕೇಬಲ್ ಪೂರ್ತಿ ಹೊಸದಾಗಿ ಎಳೆಯಬೇಕೇ?

ಉತ್ತರ:

ನೀವು ಕೇಳಿರುವುದು ಶೀಲ್ಡ್ ಬಗ್ಗೆ. ನನ್ನ ಕಣ್ಣಿಗೆ ಬಿದ್ದಿದ್ದು ಬೇರೆ ಎರಡು ವಿಷಯ. ಒಂದು, "ಒಂದು ಜೋಡಿ ಮಾತ್ರ ಬಳಸಿದ್ದೇವೆ" ಅನ್ನುವ ಮಾತು. ಇನ್ನೊಂದು, ಲ್ಯಾಪ್‌ಟಾಪ್ ಚಾರ್ಜರ್‌ನ ಕಥೆ. ಎರಡರ ಮೂಲವೂ ಒಂದೇ, ಅದು ಶೀಲ್ಡಿಗೆ ಸಂಬಂಧಿಸಿದ್ದಲ್ಲ. ಶೀಲ್ಡ್ ಜಗಳ ನಾನು ಹೋದ ಕಡೆಯೆಲ್ಲ ಇದ್ದದ್ದೇ. ಬಹಳ ಸಲ ಆ ಜಗಳ ಮುಗಿಯುವ ತನಕ ಕಾಮನ್ ವೈರ್ (ಎಲ್ಲ ಸಾಧನಗಳ ಗ್ರೌಂಡ್ ಜೋಡಿಸುವ ಮೂರನೇ ವೈರ್) ಇದೆಯೇ ಇಲ್ಲವೇ ಅಂತ ಯಾರೂ ನೋಡಿರುವುದೇ ಇಲ್ಲ.

ಎರಡು ವೈರ್ ಸಾಕು ಅನ್ನುವ ನಂಬಿಕೆ

ಆರ್‌ಎಸ್-485 ಡಿಫರೆನ್ಷಿಯಲ್, ಹಾಗಾಗಿ ಗ್ರೌಂಡ್ ಬೇಡ ಅಂತ ಹೇಳುವವರು ತುಂಬ ಜನ. ಅದು ಅರ್ಧ ನಿಜ. ರಿಸೀವರ್ ನೋಡುವುದು ಎ ಮತ್ತು ಬಿ ಅನ್ನುವ ಎರಡು ಡೇಟಾ ವೈರ್‌ಗಳ ನಡುವಿನ ವ್ಯತ್ಯಾಸವನ್ನು. 200 ಮಿಲಿವೋಲ್ಟ್ ವ್ಯತ್ಯಾಸ ಇದ್ದರೂ ಅದಕ್ಕೆ ಸಾಕು. ಎರಡೂ ವೈರ್ ಮೇಲೆ ಒಂದೇ ಸಮ ಬಂದ ನಾಯ್ಸ್ ಅಲ್ಲೇ ಕಳೆದುಹೋಗುತ್ತದೆ.

ಆದರೆ ಆ ರಿಸೀವರ್ ಚಿಪ್ ಗಾಳಿಯಲ್ಲಿ ತೇಲುತ್ತಿಲ್ಲವಲ್ಲ. ಅದಕ್ಕೂ ಒಂದು ಸಪ್ಲೈ ಇದೆ, ಒಂದು ಗ್ರೌಂಡ್ ಇದೆ. ಆ ಗ್ರೌಂಡ್‌ನಿಂದ ಅಳೆದರೆ ಎ, ಬಿ ಎರಡೂ ಮೈನಸ್ 7 ವೋಲ್ಟ್‌ನಿಂದ ಪ್ಲಸ್ 12 ವೋಲ್ಟ್ ಒಳಗೇ ಇರಬೇಕು. ಈ ಸ್ಟ್ಯಾಂಡರ್ಡ್ 1983ರಲ್ಲಿ ಬಂದಾಗಿನಿಂದಲೂ ಇದೇ ಮಿತಿ. ಪಿಎಲ್‌ಸಿ ಪ್ಯಾನೆಲ್‌ನ ಗ್ರೌಂಡಿಗೂ ಕೊನೆಯ ಮೀಟರ್‌ನ ಗ್ರೌಂಡಿಗೂ 20 ವೋಲ್ಟ್ ಅಂತರ ಇದ್ದರೆ, ಎ ಮತ್ತು ಬಿ ನಡುವೆ ಸಿಗ್ನಲ್ ಎಷ್ಟೇ ಚೆನ್ನಾಗಿದ್ದರೂ ಚಿಪ್ ಅದನ್ನು ಓದಲಾರದು. ಅಂತರ ಇನ್ನೂ ಜಾಸ್ತಿಯಾದರೆ ಚಿಪ್ ಸುಡುತ್ತದೆ. ನಿಮ್ಮ ಎರಡು ಪೋರ್ಟ್ ಹೋಗಿದ್ದು ಬಹುಪಾಲು ಹೀಗೇ.

ಗ್ರೌಂಡ್‌ಗಳ ನಡುವೆ ಕರೆಂಟ್ ಹರಿಯಲೇಬೇಕಾದ ಸಂದರ್ಭಗಳಿವೆ. ಅದಕ್ಕೆ ನೀವು ಒಂದು ವೈರ್ ಕೊಡದಿದ್ದರೆ ಅದು ನಿಲ್ಲುವುದಿಲ್ಲ. ಸಿಗ್ನಲ್ ವೈರ್ ಮೂಲಕ, ಚಿಪ್‌ನ ಒಳಗಿನ ಡಯೋಡ್‌ಗಳ ಮೂಲಕ, ಪವರ್ ಸಪ್ಲೈ ಮೂಲಕ ತಾನೇ ದಾರಿ ಮಾಡಿಕೊಳ್ಳುತ್ತದೆ. ಮಾಡ್‌ಬಸ್ ಸೀರಿಯಲ್ ಲೈನ್‌ನ ಸ್ಪೆಸಿಫಿಕೇಶನ್ ಕೂಡ ಎರಡು ಡೇಟಾ ವೈರ್ ಜೊತೆಗೆ ಕಾಮನ್ ಅನ್ನುವ ಮೂರನೇ ವೈರ್ ಎಲ್ಲ ಸಾಧನಗಳನ್ನೂ ಜೋಡಿಸಬೇಕು ಅಂತಲೇ ಹೇಳುತ್ತದೆ. "ಟೂ ವೈರ್" ಅನ್ನುವ ಹೆಸರು ನೋಡಿ ಜನ ಅದನ್ನು ಬಿಟ್ಟುಬಿಡುತ್ತಾರೆ.

ಈಗ ಲ್ಯಾಪ್‌ಟಾಪ್. ಬ್ಯಾಟರಿಯಲ್ಲಿದ್ದಾಗ ಅದಕ್ಕೆ ನೆಲದ ಜೊತೆ ಯಾವ ಸಂಬಂಧವೂ ಇಲ್ಲ. ಬಸ್ (ಎಲ್ಲ ಸಾಧನಗಳೂ ಹಂಚಿಕೊಳ್ಳುವ ಲೈನ್) ಯಾವ ವೋಲ್ಟೇಜ್‌ನಲ್ಲಿ ಇದೆಯೋ ಲ್ಯಾಪ್‌ಟಾಪ್‌ನ ಗ್ರೌಂಡ್ ಸುಮ್ನೆ ಅಲ್ಲಿಗೇ ಹೋಗಿ ಕೂರುತ್ತದೆ. ಚಾರ್ಜರ್ ಹಾಕಿದ ಮೇಲೆ ಹಾಗಲ್ಲ. ಚಾರ್ಜರ್‌ಗೆ ಅರ್ಥ್ ಪಿನ್ ಇದ್ದರೆ ಲ್ಯಾಪ್‌ಟಾಪ್‌ನ ಗ್ರೌಂಡ್ ಆ ಜಾಗದ ಅರ್ಥ್‌ಗೆ ಕಟ್ಟಿಹಾಕಿದಂತೆ ಆಯಿತು. ಪಿನ್ ಇಲ್ಲದಿದ್ದರೆ ಚಾರ್ಜರ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಮೇನ್ಸ್‌ನ ಸುಮಾರು ಅರ್ಧ ವೋಲ್ಟೇಜನ್ನು, ಕರೆಂಟ್ ಬಹಳ ಕಡಿಮೆಯಾದರೂ, ಆ ಗ್ರೌಂಡ್ ಮೇಲೆ ಏರಿಸುತ್ತವೆ. ಎರಡರಲ್ಲಿ ಯಾವುದೇ ಆಗಲಿ, ಕಾಮನ್ ವೈರ್ ಇಲ್ಲದ ಬಸ್‌ನಲ್ಲಿ ಎರರ್ ಬಂದರೆ ಆಶ್ಚರ್ಯವಿಲ್ಲ. ಅಂದರೆ ನಿಮ್ಮ ಲ್ಯಾಪ್‌ಟಾಪ್ ನಿಮಗೆ ಗೊತ್ತಿಲ್ಲದೇ ಪರೀಕ್ಷೆ ಮಾಡಿ ಉತ್ತರ ಕೊಟ್ಟಿದೆ: ತೊಂದರೆ ಇರುವುದು ಗ್ರೌಂಡ್‌ಗಳ ಅಂತರದಲ್ಲಿ. ಚಾರ್ಜರ್‌ನ ಅರ್ಥ್ ಪಿನ್ ಮುರಿದು ಕೆಲಸ ಸಾಗಿಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಐಸೊಲೇಶನ್ ಇರುವ, ಅಂದರೆ ಎರಡು ಬದಿಗಳ ನಡುವೆ ನೇರ ವಿದ್ಯುತ್ ಸಂಪರ್ಕ ಇಲ್ಲದ ಯುಎಸ್‌ಬಿ ಕನ್ವರ್ಟರ್ ತಗೊಳ್ಳಿ.

ಖಾಲಿ ಜೋಡಿಯಿಂದಲೇ ಅಳೆಯಿರಿ

ನಿಮ್ಮ ಕೇಬಲ್‌ನಲ್ಲಿ ಒಂದು ಜೋಡಿ ಖಾಲಿ ಇರುವುದು ಅದೃಷ್ಟ. ಏನನ್ನಾದರೂ ಬದಲಾಯಿಸುವ ಮೊದಲು ಅದನ್ನೇ ಬಳಸಿ ಅಳತೆ ಮಾಡಬಹುದು.

ಕೊನೆಯ ಮೀಟರ್‌ನಲ್ಲಿ ಕಮ್ಯುನಿಕೇಶನ್ ಟರ್ಮಿನಲ್‌ಗಳ ಪಕ್ಕ ಕಾಮನ್, ಎಸ್‌ಜಿ ಅಥವಾ ಜಿಎನ್‌ಡಿ ಅಂತ ಏನಾದರೂ ಬರೆದಿದೆಯೇ ನೋಡಿ. ಖಾಲಿ ಜೋಡಿಯ ಒಂದು ವೈರನ್ನು ಅಲ್ಲಿಗೆ ಕಟ್ಟಿ. ಪಿಎಲ್‌ಸಿ ಕಡೆ ಅದನ್ನು ಎಲ್ಲಿಗೂ ಕಟ್ಟಬೇಡಿ. ಆ ತುದಿಗೂ ಪಿಎಲ್‌ಸಿ ಪೋರ್ಟ್‌ನ ಕಾಮನ್‌ಗೂ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಎಸಿ, ಡಿಸಿ ಎರಡೂ ನೋಡಿ. ಡ್ರೈವ್ ನಿಂತಾಗ ಒಮ್ಮೆ, ಓಡುವಾಗ ಒಮ್ಮೆ. ಜೋಡಿಯ ಇನ್ನೊಂದು ವೈರನ್ನು ಆ ಕೊನೆಯ ಪ್ಯಾನೆಲ್‌ನ ಅರ್ಥ್ ಬಾರ್‌ಗೆ ಕಟ್ಟಿ, ಪಿಎಲ್‌ಸಿ ಪ್ಯಾನೆಲ್‌ನ ಅರ್ಥ್ ಬಾರ್‌ಗೆ ಹೋಲಿಸಿ ಅದನ್ನೂ ಅಳೆದರೆ ಚಿತ್ರ ಪೂರ್ತಿಯಾಗುತ್ತದೆ.

ಒಂದೆರಡು ವೋಲ್ಟ್ ಬಂದರೆ ಚಿಂತೆ ಇಲ್ಲ, ಆ ವೈರನ್ನೇ ಕಾಮನ್ ಮಾಡಿ ಎಲ್ಲ ಸಾಧನಗಳಿಗೂ ಜೋಡಿಸಬಹುದು. ಹತ್ತಿಪ್ಪತ್ತು ವೋಲ್ಟ್ ಬಂದರೆ ನೇರವಾಗಿ ಜೋಡಿಸಬೇಡಿ. ಆ ಸಣ್ಣ ವೈರ್ ಮೇಲೆ ಎರಡು ಪ್ಯಾನೆಲ್‌ಗಳ ನಡುವಿನ ಕರೆಂಟ್ ಹರಿಯಲು ಶುರುವಾಗುತ್ತದೆ. ಅಲ್ಲಿ ಐಸೊಲೇಶನ್ ಬೇಕು. ಅದರ ವಿಷಯಕ್ಕೆ ಬರುತ್ತೇನೆ. ನಡುವಿನ ಸಂದರ್ಭಗಳಿಗೆ ಒಂದು ಹಳೆಯ ಉಪಾಯವಿದೆ: ಪ್ರತಿ ಸಾಧನದ ಕಾಮನ್ ಮತ್ತು ಬಸ್‌ನ ಕಾಮನ್ ವೈರ್ ನಡುವೆ 100 ಓಮ್, ಅರ್ಧ ವ್ಯಾಟ್‌ನ ರೆಸಿಸ್ಟರ್. ಹರಿಯುವ ಕರೆಂಟ್‌ಗೆ ಅದು ಕಡಿವಾಣ ಹಾಕುತ್ತದೆ.

ಕೆಲವು ಮೀಟರ್‌ಗಳಲ್ಲಿ ಎ, ಬಿ ಬಿಟ್ಟರೆ ಮೂರನೇ ಟರ್ಮಿನಲ್ಲೇ ಇರುವುದಿಲ್ಲ. ಆಗ ಮ್ಯಾನ್ಯುವಲ್ ತೆಗೆಯಿರಿ. 24 ವೋಲ್ಟ್ ಸಪ್ಲೈನ ಮೈನಸ್ಸೇ ಪೋರ್ಟ್‌ನ ಕಾಮನ್ ಅಂತ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಅದನ್ನು ಬಳಸಿ. ಅಂದಾಜಿನ ಮೇಲೆ ಕಟ್ಟಬೇಡಿ. ಪೋರ್ಟ್ ಐಸೊಲೇಟೆಡ್ ಅಂತ ಬರೆದಿದ್ದು, ಕಾಮನ್ ಟರ್ಮಿನಲ್ ಕೂಡ ಇದ್ದರೆ ಅದನ್ನು ಬಸ್‌ನ ಕಾಮನ್‌ಗೆ ಕಟ್ಟಲೇಬೇಕು. ಐಸೊಲೇಟೆಡ್ ಅಂದ ಮಾತ್ರಕ್ಕೆ ತೇಲಲು ಬಿಡಬೇಕು ಅಂತಲ್ಲ.

ಒಂದು ಎಚ್ಚರಿಕೆ. ಮಲ್ಟಿಮೀಟರ್ ತೋರಿಸುವುದು ಡಿಸಿ ಮತ್ತು ಮೇನ್ಸ್ ಫ್ರೀಕ್ವೆನ್ಸಿಯ ಅಂತರವನ್ನು ಮಾತ್ರ. ಡ್ರೈವ್‌ನ ಚೂಪು ಸ್ಪೈಕ್‌ಗಳು ಅದಕ್ಕೆ ಕಾಣುವುದೇ ಇಲ್ಲ. ರೀಡಿಂಗ್ ಸೊನ್ನೆ ಬಂತು ಅಂತ ಗ್ರೌಂಡ್ ಶುದ್ಧವಾಗಿದೆ ಅಂದುಕೊಳ್ಳಬೇಡಿ. ಆಸಿಲೋಸ್ಕೋಪ್ ಸಿಕ್ಕರೆ ಎರಡು ಪ್ರೋಬ್ ಹಾಕಿ, ಆ ಸಾಧನದ ಕಾಮನ್‌ಗೆ ಹೋಲಿಸಿ ಎ ಒಂದು ಚಾನೆಲ್, ಬಿ ಇನ್ನೊಂದು ಚಾನೆಲ್ ನೋಡಿ. ಸ್ಕೋಪ್‌ನ ಪ್ರೋಬ್ ಕ್ಲಿಪ್ ಕೂಡ ಸಾಮಾನ್ಯವಾಗಿ ಮೇನ್ಸ್ ಅರ್ಥ್‌ಗೆ ಸೇರಿರುತ್ತದೆ ಅನ್ನುವುದು ನೆನಪಿರಲಿ. ಬ್ಯಾಟರಿ ಸ್ಕೋಪ್ ಇದ್ದರೆ ಒಳ್ಳೆಯದು.

ಡ್ರೈವ್ ಏನು ಮಾಡುತ್ತಿದೆ

ಡ್ರೈವ್‌ನ ಒಳಗಿನ ಐಜಿಬಿಟಿಗಳು (ಪವರ್ ಸ್ವಿಚ್‌ಗಳು) ಡ್ರೈವ್‌ನದೇ ಡಿಸಿ ಲೈನ್‌ನ ನೂರಾರು ವೋಲ್ಟ್‌ಗಳನ್ನು ಕೆಲವು ಕಿಲೋಹರ್ಟ್ಸ್ ವೇಗದಲ್ಲಿ ಆನ್-ಆಫ್ ಮಾಡುತ್ತವೆ. ಒಂದೊಂದು ಏರಿಳಿತಕ್ಕೂ ಹಿಡಿಯುವ ಸಮಯ ಸುಮಾರು ನೂರು ನ್ಯಾನೋಸೆಕೆಂಡ್ ಲೆಕ್ಕದಲ್ಲಿ. ಮೋಟಾರ್ ಕೇಬಲ್‌ಗೂ ಅರ್ಥ್‌ಗೂ ನಡುವೆ, ಮೋಟಾರ್ ವೈಂಡಿಂಗ್‌ಗೂ ಬಾಡಿಗೂ ನಡುವೆ ಕೆಪಾಸಿಟೆನ್ಸ್ ಇರುತ್ತದೆ. ಪ್ರತಿ ಏರಿಳಿತಕ್ಕೂ ಅದರ ಮೂಲಕ ಒಂದು ಕರೆಂಟ್ ಮುಳ್ಳು ಅರ್ಥ್‌ಗೆ ಇಳಿಯುತ್ತದೆ.

ಜನ ಇಲ್ಲಿಗೆ ಕಥೆ ಮುಗಿಯಿತು ಅಂದುಕೊಳ್ಳುತ್ತಾರೆ. ಅರ್ಥ್‌ಗೆ ಹೋಯಿತು, ಹಾಳಾಗಿ ಹೋಗಲಿ ಅಂತ. ಆದರೆ ನೆಲ ನಾಯ್ಸನ್ನು ನುಂಗಿಕೊಳ್ಳುವ ಹಾಳು ಬಾವಿಯಲ್ಲ. ಆ ಕರೆಂಟ್ ಹೊರಟಿದ್ದು ಡ್ರೈವ್‌ನಿಂದ, ಅದು ವಾಪಸ್ ಡ್ರೈವ್‌ಗೇ ಬರಬೇಕು. ಬರುವ ದಾರಿಯಲ್ಲಿ ಅರ್ಥ್ ವೈರ್, ಟ್ರೇ, ಮೆಷಿನ್ ಬಾಡಿ, ನಿಮ್ಮ ಕೇಬಲ್‌ನ ಶೀಲ್ಡ್ ಎಲ್ಲವನ್ನೂ ಹಂಚಿಕೊಂಡು ಬರುತ್ತದೆ. ಒಂದು ಮೀಟರ್ ಉದ್ದದ ವೈರ್‌ಗೆ ಸುಮಾರು 1 ಮೈಕ್ರೋಹೆನ್ರಿ ಇಂಡಕ್ಟೆನ್ಸ್ ಇರುತ್ತದೆ. 100 ನ್ಯಾನೋಸೆಕೆಂಡಿನಲ್ಲಿ 1 ಆಂಪಿಯರ್ ಏರಿದರೆ ಆ ಒಂದೇ ಮೀಟರ್ ಮೇಲೆ 10 ವೋಲ್ಟ್ ಬೀಳುತ್ತದೆ. ಅರ್ಥ್ ವೈರ್ ದಪ್ಪಗಿದೆ, ಓಮ್ ಮೀಟರ್‌ನಲ್ಲಿ ಸೊನ್ನೆ ತೋರಿಸುತ್ತದೆ ಅನ್ನುವ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು.

ಆದ್ದರಿಂದ ನಾಯ್ಸ್ ಹುಟ್ಟುವ ಜಾಗದಲ್ಲೇ ಅದಕ್ಕೆ ಹತ್ತಿರದ ವಾಪಸ್ ದಾರಿ ಮಾಡಿಕೊಡಿ. ಡ್ರೈವ್‌ನಿಂದ ಮೋಟಾರ್‌ಗೆ ಶೀಲ್ಡ್ ಇರುವ ಕೇಬಲ್, ಆ ಶೀಲ್ಡ್ ಎರಡೂ ತುದಿಯಲ್ಲಿ ಸುತ್ತಲೂ ಹಿಡಿಯುವ ಕ್ಲ್ಯಾಂಪ್ ಅಥವಾ ಇಎಂಸಿ ಗ್ಲ್ಯಾಂಡ್‌ನಿಂದ ಬಿಗಿಯಾಗಿರಬೇಕು. ಮೋಟಾರ್ ಕೇಬಲ್ ವಿಷಯದಲ್ಲಿ ಒಂದು ಕಡೆಯೋ ಎರಡು ಕಡೆಯೋ ಅನ್ನುವ ವಾದವೇ ಇಲ್ಲ, ಎರಡೂ ಕಡೆ. ಮೋಟಾರ್‌ನ ಅರ್ಥ್ ವೈರ್ ನೇರ ಡ್ರೈವ್‌ನ ಅರ್ಥ್ ಟರ್ಮಿನಲ್‌ಗೆ ಬರಲಿ. ಡ್ರೈವ್‌ನಲ್ಲಿ ಕ್ಯಾರಿಯರ್ ಫ್ರೀಕ್ವೆನ್ಸಿ (ಆ ಆನ್-ಆಫ್ ವೇಗ) ಜಾಸ್ತಿ ಇಟ್ಟಿದ್ದರೆ ಇಳಿಸಿ ನೋಡಿ. ಮೋಟಾರ್ ಸ್ವಲ್ಪ ಸದ್ದು ಮಾಡಬಹುದು, ಸ್ಪೈಕ್‌ಗಳ ಸಂಖ್ಯೆ ಕಡಿಮೆಯಾಗುತ್ತದೆ. ಫೆರೈಟ್ ಕೋರ್ ಹಾಕುವುದಾದರೆ ಮೂರೂ ಫೇಸ್‌ಗಳನ್ನು ಒಟ್ಟಿಗೆ ಅದರೊಳಗೆ ತೂರಿಸಿ, ಅರ್ಥ್ ವೈರ್ ಹೊರಗಿರಲಿ. ಅದೇ ಪ್ಯಾನೆಲ್‌ನಲ್ಲಿ ಕಾಂಟ್ಯಾಕ್ಟರ್‌ಗಳಿದ್ದರೆ ಸ್ಪೈಕ್ ತಗ್ಗಿಸಲು ಎಸಿ ಕಾಯಿಲ್‌ಗೆ ಆರ್‌ಸಿ ಸ್ನಬ್ಬರ್ (ರೆಸಿಸ್ಟರ್-ಕೆಪಾಸಿಟರ್ ಜೋಡಿ), ಡಿಸಿ ಕಾಯಿಲ್‌ಗೆ ಡಯೋಡ್ ಇದೆಯೇ ನೋಡಿಬಿಡಿ.

ಬೇರೆ ಅರ್ಥ್ ಪಿಟ್ ಬೇಡವೇ ಬೇಡ

ನಿಮಗೆ ಸಿಕ್ಕ ಸಲಹೆಗಳಲ್ಲಿ ಅಪಾಯಕಾರಿ ಇದೊಂದೇ. ಎರಡು ಪಿಟ್‌ಗಳ ನಡುವೆ ಇರುವುದು ಮಣ್ಣು. ಡ್ರೈವ್‌ನ ಕಡೆ ಇನ್ಸುಲೇಶನ್ ಹೋಗಿ ಅರ್ಥ್ ಫಾಲ್ಟ್ ಆದರೆ, ಅಥವಾ ಹತ್ತಿರದಲ್ಲಿ ಸಿಡಿಲು ಬಡಿದರೆ, ಒಂದು ಪಿಟ್‌ನ ವೋಲ್ಟೇಜ್ ಇನ್ನೊಂದಕ್ಕಿಂತ ಬಹಳ ಮೇಲೆ ಏರುತ್ತದೆ. ಎರಡಕ್ಕೂ ಸೇರಿದ ಸಾಧನ ನಡುವೆ ಸಿಕ್ಕಿಕೊಳ್ಳುತ್ತದೆ. ಅದನ್ನು ಮುಟ್ಟಿದವರೂ ಸಿಕ್ಕಿಕೊಳ್ಳಬಹುದು. ಕಮ್ಯುನಿಕೇಶನ್‌ಗೆ ಅಂತ ಪಿಟ್ ಈಗಾಗಲೇ ಇದ್ದರೆ ಅದನ್ನು ಮುಖ್ಯ ಅರ್ಥ್ ಬಾರ್‌ಗೆ ಬಾಂಡ್ ಮಾಡಿಸಿ.

ಇನ್ನು ಶೀಲ್ಡ್

ಎಲೆಕ್ಟ್ರಿಷಿಯನ್, ಮೀಟರ್ ಕೊಟ್ಟವರು ಇಬ್ಬರೂ ಸರಿಯೇ. ಅವರು ಬೇರೆ ಬೇರೆ ಫ್ರೀಕ್ವೆನ್ಸಿಯ ಬಗ್ಗೆ ಮಾತಾಡುತ್ತಿದ್ದಾರೆ ಅಷ್ಟೇ.

ಒಂದೇ ಕಡೆ ಅರ್ಥ್ ಮಾಡಿದರೆ ಶೀಲ್ಡ್‌ನಲ್ಲಿ 50 ಅಥವಾ 60 ಹರ್ಟ್ಸ್‌ನ ಕರೆಂಟ್ ಹರಿಯುವುದಿಲ್ಲ. ಹಮ್ ಇಲ್ಲ, ಶೀಲ್ಡ್ ಬಿಸಿಯಾಗುವ ಭಯವಿಲ್ಲ. ಆದರೆ 180 ಮೀಟರ್ ಉದ್ದದ, ಒಂದು ತುದಿ ಬಿಟ್ಟ ಶೀಲ್ಡ್ ಕೆಲವು ನೂರು ಕಿಲೋಹರ್ಟ್ಸ್‌ಗೇ ಆಂಟೆನಾ ಆಗಿಬಿಡುತ್ತದೆ. ಡ್ರೈವ್‌ನ ನಾಯ್ಸ್ ಅಲ್ಲಿಂದ ಹತ್ತಾರು ಮೆಗಾಹರ್ಟ್ಸ್ ತನಕ ಹರಡಿರುತ್ತದೆ. ಅಲ್ಲಿ ಶೀಲ್ಡ್ ಕೆಲಸ ಮಾಡಬೇಕಾದರೆ ಎರಡೂ ತುದಿ ಕಟ್ಟಿರಬೇಕು. ಹಾಗೆ ಕಟ್ಟಿದರೆ ಅರ್ಥ್‌ಗಳ ನಡುವಿನ ಮೇನ್ಸ್ ಕರೆಂಟ್ ಶೀಲ್ಡ್ ಮೇಲೆ ಓಡುತ್ತದೆ.

ನಾನು ಮಾಡುವುದು ಹೀಗೆ. ಅರ್ಥ್ ಬಾರ್‌ಗಳ ನಡುವೆ ಅಳೆದಾಗ ಅಂತರ ಒಂದು ವೋಲ್ಟ್‌ಗಿಂತ ಕಡಿಮೆ ಇದ್ದು, ಪ್ಯಾನೆಲ್‌ಗಳು ಲೋಹದ ಟ್ರೇ ಅಥವಾ ದಪ್ಪ ವೈರ್‌ನಿಂದ ಚೆನ್ನಾಗಿ ಬಾಂಡ್ ಆಗಿದ್ದರೆ ಎರಡೂ ಕಡೆ ನೇರ ಅರ್ಥ್. ಹಾಗಿಲ್ಲದಿದ್ದರೆ ಪಿಎಲ್‌ಸಿ ಕಡೆ ನೇರ, ದೂರದ ತುದಿಯಲ್ಲಿ 10 ನ್ಯಾನೋಫ್ಯಾರಡ್‌ನ ಹೈ ವೋಲ್ಟೇಜ್ ಕೆಪಾಸಿಟರ್ ಮೂಲಕ. 50 ಹರ್ಟ್ಸ್‌ಗೆ ಅದು ಸುಮಾರು 3 ಲಕ್ಷ ಓಮ್, ಅಂದರೆ ಬಾಗಿಲು ಮುಚ್ಚಿದಂತೆ. 1 ಮೆಗಾಹರ್ಟ್ಸ್‌ಗೆ ಸುಮಾರು 16 ಓಮ್ ಅಷ್ಟೇ. ಮಧ್ಯದ ಸಾಧನಗಳಲ್ಲಿ ಒಳಬಂದ ಮತ್ತು ಹೊರಹೋಗುವ ಶೀಲ್ಡ್‌ಗಳನ್ನು ಒಂದಕ್ಕೊಂದು ಕಟ್ಟಿ ಮುಂದಕ್ಕೆ ಸಾಗಿಸಿ. ಅರ್ಧ ದಾರಿಯಲ್ಲಿ ಶೀಲ್ಡ್ ಕತ್ತರಿಸಿಹೋಗಿರುವ ಬಸ್‌ಗಳು ಕಡಿಮೆಯೇನಿಲ್ಲ.

ಒಂದು ಕಡೆ, ಎರಡು ಕಡೆ ಅನ್ನುವುದಕ್ಕಿಂತ ಹೇಗೆ ಕಟ್ಟಿದ್ದಾರೆ ಅನ್ನುವುದು ಎಷ್ಟೋ ಸಲ ಮುಖ್ಯ. ನಿಮ್ಮ ಪ್ಯಾನೆಲ್ ಬಾಗಿಲು ತೆಗೆದು ನೋಡಿ. ಶೀಲ್ಡ್‌ನ ಜಾಲರಿಯನ್ನು ಹುರಿ ಮಾಡಿ, ಹಸಿರು ಸ್ಲೀವ್ ಹಾಕಿ, ಗೇಣುದ್ದ ಎಳೆದು, ಮೂಲೆಯ ಅರ್ಥ್ ಬೋಲ್ಟ್‌ಗೆ ಲಗ್ ಹಾಕಿ ಕಟ್ಟಿದ್ದಾರಾ? ನೋಡಲು ಬಹಳ ನೀಟಾಗಿ ಇರುತ್ತದೆ. ಆದರೆ ಬಾಲದ ಪ್ರತಿ 10 ಸೆಂಟಿಮೀಟರ್‌ಗೂ ಸುಮಾರು 100 ನ್ಯಾನೋಹೆನ್ರಿ, 10 ಮೆಗಾಹರ್ಟ್ಸ್‌ಗೆ 6 ಓಮ್. ಜಾಲರಿಯ ಕೆಲವು ಮಿಲಿ ಓಮ್‌ನ ಗುಣ ಅಲ್ಲಿಗೆ ಮಣ್ಣುಪಾಲು. ಕೇಬಲ್ ಪ್ಯಾನೆಲ್ ಒಳಗೆ ಬರುವ ಜಾಗದಲ್ಲೇ ಹೊರಗಿನ ಜಾಕೆಟ್ ಎರಡು ಸೆಂಟಿಮೀಟರ್ ಸುಲಿದು, ಜಾಲರಿಯನ್ನು ಲೋಹದ ಕ್ಲ್ಯಾಂಪ್‌ನಿಂದ ಮೌಂಟಿಂಗ್ ಪ್ಲೇಟ್‌ಗೆ ಒತ್ತಿ ಹಿಡಿಸಿ. ಪ್ಲೇಟ್‌ಗೆ ಪೇಂಟ್ ಇದ್ದರೆ ಆ ಜಾಗದಲ್ಲಿ ಕೆರೆದು ತೆಗೆಯಿರಿ. ಪೇಂಟ್ ಮೇಲೆ ಕೂತ ಕ್ಲ್ಯಾಂಪ್ ಕಣ್ಣಿಗೆ ಮಾತ್ರ ಅರ್ಥ್.

ಹಾಗೆಯೇ, ಶೀಲ್ಡನ್ನೇ ಕಾಮನ್ ವೈರ್ ಮಾಡಿಕೊಳ್ಳುವ ಆಸೆ ಬೇಡ. ಖಾಲಿ ಜೋಡಿ ಇದೆಯಲ್ಲ, ಅದರ ಎರಡೂ ವೈರ್ ಸೇರಿಸಿ ಕಾಮನ್ ಮಾಡಿ. ಕಾಮನ್ ಅನ್ನು ಒಂದೇ ಜಾಗದಲ್ಲಿ, ಪಿಎಲ್‌ಸಿ ಪ್ಯಾನೆಲ್‌ನಲ್ಲಿ, ಅರ್ಥ್‌ಗೆ ಕಟ್ಟಿದರೆ ಸಾಕು.

ಟರ್ಮಿನೇಟರ್, ಬಯಾಸ್, ಬಾಡ್ ರೇಟ್

ಎಲ್ಲ ಸಾಧನಗಳ ಪವರ್ ತೆಗೆದು ಎ ಮತ್ತು ಬಿ ನಡುವೆ ಓಮ್ ಅಳೆಯಿರಿ. 60ರ ಹತ್ತಿರ ಬಂದರೆ ಎರಡೂ ತುದಿಯ 120 ಓಮ್ ರೆಸಿಸ್ಟರ್‌ಗಳು, ಅಂದರೆ ಟರ್ಮಿನೇಟರ್‌ಗಳು, ಇವೆ ಅಂತ ಅರ್ಥ. 120 ಬಂದರೆ ಒಂದೇ ಇದೆ. 40 ಬಂದರೆ ಯಾರೋ ಮಧ್ಯದ ಮೀಟರ್‌ನಲ್ಲೂ ಸ್ವಿಚ್ ಹಾಕಿಬಿಟ್ಟಿದ್ದಾರೆ.

ನಿಜ ಹೇಳಬೇಕೆಂದರೆ 9600 ಬಾಡ್, 180 ಮೀಟರ್‌ಗೆ ರಿಫ್ಲೆಕ್ಷನ್ (ಸಿಗ್ನಲ್ ತುದಿಗೆ ಬಡಿದು ವಾಪಸ್ ಬರುವುದು) ದೊಡ್ಡ ವಿಷಯವಲ್ಲ. ಸಿಗ್ನಲ್ ಹೋಗಿ ಬರಲು ಸುಮಾರು 2 ಮೈಕ್ರೋಸೆಕೆಂಡ್ ಸಾಕು, ಒಂದು ಬಿಟ್ 104 ಮೈಕ್ರೋಸೆಕೆಂಡ್ ಇರುತ್ತದೆ. ಆದರೂ ಟರ್ಮಿನೇಟರ್ ಇದ್ದರೆ ಲೈನ್‌ನ ಇಂಪೀಡೆನ್ಸ್ ಕಡಿಮೆಯಾಗಿ ನಾಯ್ಸ್‌ಗೆ ಹಿಡಿತ ಸಿಗುವುದಿಲ್ಲ, ಹಾಗಾಗಿ ನಾನು ಇಟ್ಟುಕೊಳ್ಳುತ್ತೇನೆ. ಇಟ್ಟುಕೊಂಡರೆ ಬಯಾಸ್ (ಖಾಲಿ ಲೈನನ್ನು ಒಂದು ನಿಶ್ಚಿತ ವೋಲ್ಟೇಜ್‌ನಲ್ಲಿ ಹಿಡಿದಿಡುವುದು) ಬೇಕೇಬೇಕು. ಯಾರೂ ಮಾತಾಡದ ಸಮಯದಲ್ಲಿ 60 ಓಮ್ ಲೈನನ್ನು ಸೊನ್ನೆಗೆ ಎಳೆದಿಡುತ್ತದೆ. ಆಗ ಸಣ್ಣ ಸ್ಪೈಕ್ ಬಂದರೂ ಹಳೆಯ ಚಿಪ್‌ಗಳು ಅದನ್ನು ಸ್ಟಾರ್ಟ್ ಬಿಟ್ ಅಂದುಕೊಳ್ಳುತ್ತವೆ. ಪಿಎಲ್‌ಸಿ ಕಡೆ ಒಂದು ಡೇಟಾ ವೈರ್‌ನಿಂದ 5 ವೋಲ್ಟ್‌ಗೆ ಒಂದು, ಇನ್ನೊಂದರಿಂದ ಕಾಮನ್‌ಗೆ ಒಂದು, 560 ಓಮ್‌ನ ರೆಸಿಸ್ಟರ್ ಹಾಕಿದರೆ ಎ-ಬಿ ನಡುವೆ ಸುಮಾರು 250 ಮಿಲಿವೋಲ್ಟ್ ನಿಲ್ಲುತ್ತದೆ. ಇದು ಇಡೀ ಬಸ್‌ಗೆ ಒಂದೇ ಜಾಗದಲ್ಲಿರಲಿ. ಎ, ಬಿ ಹೆಸರುಗಳನ್ನು ಮಾತ್ರ ನಂಬಬೇಡಿ, ಒಂದು ಕಂಪನಿಯ ಎ ಇನ್ನೊಂದರ ಬಿ ಆಗಿರುವುದು ಮಾಮೂಲು. ಪೋಲಾರಿಟಿಯನ್ನು ಮಲ್ಟಿಮೀಟರ್ ಹಿಡಿದು ನೋಡಿ.

ಬಾಡ್ ಇಳಿಸಿದಾಗ ಯಾಕೆ ಸುಧಾರಿಸಿತು? ಅನೇಕ ಸೀರಿಯಲ್ ಚಿಪ್‌ಗಳು ಪ್ರತಿ ಬಿಟ್‌ನ ನಡುಭಾಗವನ್ನು ಮೂರು ಸಲ ನೋಡಿ ಬಹುಮತದ ಮೇಲೆ ತೀರ್ಮಾನಿಸುತ್ತವೆ. ಬಿಟ್ ಉದ್ದವಾದಷ್ಟೂ ಆ ಮೂರು ನೋಟಗಳ ಅಂತರ ಜಾಸ್ತಿ. ಒಂದು ಗಿಡ್ಡ ಸ್ಪೈಕ್ ಮೂರರಲ್ಲಿ ಎರಡನ್ನು ಕೆಡಿಸುವುದು ಕಷ್ಟ. 9600ರಲ್ಲೇ ಇರಿ, ತಪ್ಪಿಲ್ಲ. ಆದರೆ ಇದರಿಂದ ಪೋರ್ಟ್ ಸುಡುವುದು ನಿಲ್ಲುವುದಿಲ್ಲ.

ಐಸೊಲೇಶನ್, ಮತ್ತು ಹೊಸ ಕೇಬಲ್ ಪ್ರಶ್ನೆ

ಗ್ರೌಂಡ್‌ಗಳ ಅಂತರ ದೊಡ್ಡದಿದ್ದರೆ, ಡ್ರೈವ್ ಪ್ಯಾನೆಲ್‌ಗೆ ಮೊದಲೇ ಒಂದು ಐಸೊಲೇಟೆಡ್ ರಿಪೀಟರ್ (ಸಿಗ್ನಲ್ ಪಡೆದು ಮುಂದಕ್ಕೆ ಕಳಿಸುವ ಸಾಧನ) ಹಾಕಿ ಬಸ್ ಅನ್ನು ಎರಡು ತುಂಡು ಮಾಡಿ. ಪ್ರತಿ ತುಂಡಿಗೂ ತನ್ನದೇ ಟರ್ಮಿನೇಟರ್, ತನ್ನದೇ ಬಯಾಸ್, ತನ್ನದೇ ಕಾಮನ್ ವೈರ್ ಬೇಕು. ಕಾಮನ್ ಅರ್ಥ್ ಆಗುವುದೂ ಪ್ರತಿ ತುಂಡಿನಲ್ಲಿ ಒಂದೇ ಜಾಗದಲ್ಲಿ. ಎರಡೂ ಬದಿಗೆ ಒಂದೇ ಸಪ್ಲೈ ಕೊಟ್ಟು ಐಸೊಲೇಶನ್ನನ್ನೇ ಶಾರ್ಟ್ ಮಾಡಿಬಿಟ್ಟವರಿದ್ದಾರೆ, ಅದನ್ನು ಗಮನಿಸಿ. ಐಸೊಲೇಟರ್ ಒಳಗೂ ಒಂದಿಷ್ಟು ಕೆಪಾಸಿಟೆನ್ಸ್ ಇರುವುದರಿಂದ ಅತಿ ವೇಗದ ಸ್ಪೈಕ್ ಸ್ವಲ್ಪ ನುಸುಳುತ್ತದೆ. ಹಾಗಾಗಿ ಇದನ್ನು ಹಾಕಿದೆ ಅಂತ ಮೋಟಾರ್ ಕೇಬಲ್ ಕೆಲಸ ಬಿಡಬೇಡಿ. ಪೋರ್ಟ್‌ಗಳಿಗೆ ಆರ್‌ಎಸ್-485ಕ್ಕೆ ಅಂತಲೇ ಮಾಡಿದ, ಮೈನಸ್ 7 ಮತ್ತು ಪ್ಲಸ್ 12 ವೋಲ್ಟ್‌ನ ಟಿವಿಎಸ್ ಡಯೋಡ್ (ಸರ್ಜ್‌ನಿಂದ ಕಾಪಾಡುವ ಬಿಡಿಭಾಗ) ಹಾಕಬಹುದು. ಕಾಮನ್ ವೈರ್ ಇಲ್ಲದೆ ಅದೂ ವ್ಯರ್ಥ, ಸರ್ಜ್ ಅನ್ನು ಇಳಿಸಲು ಅದಕ್ಕೆ ಜಾಗವೇ ಇರುವುದಿಲ್ಲ.

ಕೇಬಲ್ ಪೂರ್ತಿ ಬದಲಾಯಿಸುವ ಅಗತ್ಯ ನನಗೆ ಕಾಣುತ್ತಿಲ್ಲ. 1200 ಮೀಟರ್ ತನಕ ಹೋಗಬಲ್ಲ ವ್ಯವಸ್ಥೆಗೆ 180 ಮೀಟರ್ ದೂರವೇ ಅಲ್ಲ. ಡ್ರೈವ್ ಪ್ಯಾನೆಲ್ ಸುತ್ತಮುತ್ತಲಿನ ಭಾಗವನ್ನು ಮಾತ್ರ ನೋಡಿ. ಅಲ್ಲಿ ಮೋಟಾರ್ ಕೇಬಲ್ ಜೊತೆ ಒಂದೇ ಟ್ರೇಯಲ್ಲಿ ಓಡುತ್ತಿದ್ದರೆ ಕನಿಷ್ಠ 30 ಸೆಂಟಿಮೀಟರ್ ದೂರ ಸರಿಸಿ. ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಲಿ, ಜೊತೆಜೊತೆಗೆ ಓಡುವುದು ಬೇಡ. ಮೀಟರ್‌ಗಳಿಗೆ ಮುಖ್ಯ ಲೈನ್‌ನಿಂದ ಉದ್ದ ಕವಲು ಎಳೆದಿದ್ದರೆ ಅದನ್ನು ಒಂದು ಮೀಟರ್‌ನಿಂದ ಮುಂದಿನದಕ್ಕೆ ಹೋಗುವ ಸರಪಳಿಯಾಗಿ ಬದಲಾಯಿಸಿ.

ಕೆಲಸದ ಸರದಿ ಇದು: ಮೊದಲು ಅಳತೆ, ಆಮೇಲೆ ಕಾಮನ್ ವೈರ್, ಆಮೇಲೆ ಮೋಟಾರ್ ಕೇಬಲ್‌ನ ಶೀಲ್ಡ್, ಕೊನೆಗೆ ಡೇಟಾ ಕೇಬಲ್‌ನ ಶೀಲ್ಡ್. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಡ್ರೈವ್ ಓಡಿಸಿ, ಪಿಎಲ್‌ಸಿಯ ಎರರ್ ಕೌಂಟರ್ ಬರೆದಿಟ್ಟುಕೊಳ್ಳಿ. ಆ ನಾಲ್ಕು ಮೀಟರ್‌ಗಳು ಬೇರೆ ಕಟ್ಟಡದಲ್ಲಿ ಇದ್ದರೆ ಮಾತ್ರ ನನ್ನ ಸಲಹೆ ಬೇರೆ: ಕಟ್ಟಡಗಳ ನಡುವೆ ತಾಮ್ರ ಬೇಡ, ಎರಡು ಫೈಬರ್ ಕನ್ವರ್ಟರ್ ಹಾಕಿಬಿಡಿ.